ಅಧ್ಯಕ್ಷರ ತಲೆಯ ಮೇಲಿನ ಸೌತೆಕಾಯಿ

ನಯಾಪೈಸೆ ಬಂದ ಮರುವರ್ಷ ನಾನು ಕದ್ರಿ ಗುಡ್ಡದ ಬುಡದ ತರಕಾರಿ ಬೆಳೆಗಾರರ ಸಹಕಾರ ಸಂಘಕ್ಕೆ ಕಾರ್ಯದರ್ಶಿಯಾದೆ. ಯಾರು ಯಾಕೆ ಸದಸ್ಯರಾದರೆಂದು ದಿನಚರಿಯಲ್ಲಿ ಗೆರೆ ಎಳೆದು ಲೆಕ್ಕ ಇಡುತ್ತಿದ್ದೆ. ಏಪ್ರಿಲ್ ಮುಗಿಯುವಾಗ ‘ಒಳ್ಳೆಯ ಬೆಲೆ’ ಎಂಬಲ್ಲಿ ಎರಡು ಗೆರೆ, ಅದರಲ್ಲೊಂದು ನನ್ನ ಮಾವನದು. ‘ಅಧ್ಯಕ್ಷರ ತಲೆ’ ಎಂಬಲ್ಲಿ ಹದಿನೇಳು.

ಸಂಘಕ್ಕೆ ಗೋದಾಮು ಇರಲಿಲ್ಲ. ಅಧ್ಯಕ್ಷರಾದ ಧಣಿಗಳು ತಮ್ಮ ಹೆಂಚಿನ ಕೋಣೆಯೊಂದನ್ನು ಬಿಟ್ಟುಕೊಟ್ಟಿದ್ದರು. ಅವರ ಮೇಜು ಕುರ್ಚಿಯೂ ಅಲ್ಲೇ. ನಮ್ಮಲ್ಲಿ ತೆಂಗಿನಕಾಯಿಯಷ್ಟು ಭಾರದ ಸಾಂಬಾರು ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಹೆಂಚು ಹೊತ್ತ ಮಾಡಿನ ಮರದ ಪಕ್ಕಾಸಿಗೆ ತೂಗುಹಾಕುತ್ತಾರೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಮಳೆಗೆ ಮುಂಚೆ ಒಂದು ಲೋಡು ತುಂಬಿದರೆ ಲಾರಿ ಬರುತ್ತದೆ. ತುಂಬದಿದ್ದರೆ ಎಲ್ಲರ ಕಾಯಿಯೂ ದಲ್ಲಾಳಿ ಹೇಳಿದ ಬೆಲೆಗೆ.

ಧಣಿಗಳ ಗೇಣಿ ಒಕ್ಕಲುಗಳು ಅವರ ಮನೆಯ ಜಗಲಿಯಿಂದ ಒಳಗೆ ಕಾಲಿಟ್ಟವರಲ್ಲ. ಈ ಕೋಣೆಗೆ ಮಾತ್ರ ಸದಸ್ಯನಾದ ಯಾರು ಬೇಕಾದರೂ ಬರಬಹುದು, ಏಣಿಯನ್ನೂ ಹತ್ತಬಹುದು.

ಮೊದಲು ಹತ್ತಿದ ಮುದಿ ಒಕ್ಕಲು ಖಾಲಿ ಪಕ್ಕಾಸುಗಳನ್ನೆಲ್ಲ ಬಿಟ್ಟು ಧಣಿಗಳ ಕುರ್ಚಿಯ ನೇರಕ್ಕೇ ಕಟ್ಟಿದ.

“ಆಚೆ ಜಾಗ ಉಂಟಲ್ಲ ಮಾರಾಯ್ರೆ!” ಎಂದೆ.

“ಇಲ್ಲಿ ಗಾಳಿ ಒಳ್ಳೇದುಂಟು ಸೆಕ್ರೆಟ್ರಿಗಳೇ.” ಕೆಳಗೆ ನೋಡಿ, “ಧಣಿಗಳು ಹೆದರ್ಬೇಡಿ. ನಾರು ಗಟ್ಟಿ ಉಂಟು, ಹೆಚ್ಚು ಕಡಿಮೆ,” ಎಂದ.

ಸುದ್ದಿ ಹರಡಿತು. ಶನಿವಾರದೊಳಗೆ ಕುರ್ಚಿಯ ಮೇಲೆ ಹೆಂಚು ಕಾಣದಷ್ಟು ಕಾಯಿ. ಸೌತೆಕಾಯಿಯನ್ನೇ ಬೆಳೆಯದ ಒಬ್ಬ ಅಳಿಯನ ಮನೆಯಿಂದ ಎರಡು ತಂದು ಸದಸ್ಯನಾದ. ಧಣಿಗಳು ಕುರ್ಚಿಯನ್ನು ಮೂಲೆಗೆ ಸರಿಸಿದರು. ಮರುದಿನ ಕಾಯಿಗಳೂ ಮೂಲೆಗೆ ಬಂದವು. ಕೊನೆಗೆ ಸಿಟ್ಟಿನಿಂದ ಕುರ್ಚಿಯನ್ನು ಅಂಗಳಕ್ಕೇ ಹಾಕಿಸಿದರು.

ಅಂದಿನಿಂದ ಒಂದು ಕಾಯಿಯೂ ಬರಲಿಲ್ಲ. ಮೇ ತಿಂಗಳು ಅರ್ಧ ಕಳೆಯಿತು, ಲೋಡು ತುಂಬಿದ್ದೂ ಅರ್ಧವೇ. ಪಡುವಣದಲ್ಲಿ ಮೋಡ.

“ಎಂತ, ಯಾರೂ ತರುವುದಿಲ್ಲ?” ಎಂದು ಮುದುಕನನ್ನು ಕೇಳಿದೆ.

“ಬರೀ ನೆಲದ ಮೇಲೆ ತೂಗುಹಾಕ್ಲಿಕ್ಕೆ ನಮ್ಮ ಮನೆಯಲ್ಲೇ ಮಾಡು ಉಂಟಲ್ಲ?”

ಅದನ್ನು ಧಣಿಗಳಿಗೆ ಇದ್ದ ಹಾಗೆಯೇ ವರದಿ ಮಾಡಿದೆ. ಅವರು ಒಕ್ಕಲುಗಳನ್ನೂ ಸಂಘವನ್ನೂ ನನ್ನನ್ನೂ ಬೈದರು. ತೂಗುತ್ತಿದ್ದ ಕಾಯಿಗಳಲ್ಲಿ ದೊಡ್ಡ ಪಾಲು ಅವರದೇ ಆಗಿತ್ತು.

ಸೋಮವಾರ ಬೆಳಿಗ್ಗೆ ಕುರ್ಚಿ ಒಳಗಿತ್ತು. ಧಣಿಗಳು ಅದರಲ್ಲಿ ನೆಟ್ಟಗೆ ಕೂತಿದ್ದರು. ತಲೆಯ ಮೇಲೆ ಮುಟ್ಟಾಳೆ, ಉಳುವ ಆಳುಗಳು ಹಾಕುವ ಅಡಿಕೆ ಹಾಳೆಯ ಟೊಪ್ಪಿ.

“ಕಟ್ಲಿಕ್ಕೆ ಹೇಳಿ,” ಎಂದರು.

ಗುರುವಾರ ಲೋಡು ತುಂಬಿತು, ಶುಕ್ರವಾರ ಲಾರಿ ಬಂತು. ಇಳಿಸಲು ಯಾರಿಗೂ ಮನಸ್ಸಿಲ್ಲ. ಒಬ್ಬೊಬ್ಬರನ್ನೇ ಗದರಿಸಿ ಏಣಿ ಹತ್ತಿಸಬೇಕಾಯಿತು. ಮುದುಕ ಮಾತ್ರ ಕುರ್ಚಿಯ ಮೇಲಿನ ಒಂದು ಕಾಯಿಯನ್ನು ಬಿಚ್ಚಲೇ ಇಲ್ಲ.

“ಇದು ಮಾರ್ಲಿಕ್ಕಲ್ಲ ಸೆಕ್ರೆಟ್ರಿಗಳೇ.”

ನಾನು ಬಾಯಿ ತೆರೆಯುವ ಮೊದಲೇ ಧಣಿಗಳು ಕತ್ತೆತ್ತಿ ನೋಡಿ ಮುಟ್ಟಾಳೆ ಸರಿಮಾಡಿಕೊಂಡರು.

“ಇರ್ಲಿ ಬಿಡಿ. ಬೀಜಕ್ಕೆ ಬೇಕಲ್ಲ.”