ಕತೆಗೆ ಸೇರದ ಎರಡು ಗುಂಡು

ಕೊಲೆ ಮಾಡಿದವರು ಯಾರು ಎಂಬುದನ್ನು ಕತೆ ಅರ್ಧಕ್ಕೆ ಬರುವ ಮೊದಲೇ ನಾನು ಹೇಳಿಬಿಡುತ್ತೇನೆ. ಜಂಬವೇ ಇದು, ಅಲ್ಲ ಎನ್ನುವುದಿಲ್ಲ. ಹೆಣದ ಮುಂದೆ ಹೆಚ್ಚು ಅಳುವವರನ್ನು ನಾನು ನಂಬುವುದಿಲ್ಲ. ಹೆಣ ಸಿಕ್ಕಿದ ಮನೆಯಲ್ಲಿ ಪೊಲೀಸರಿಗೆ ಓಡಿ ಓಡಿ ಕಾಫಿ ಕೊಡುವವರನ್ನಂತೂ ಮೊದಲೇ ನಂಬುವುದಿಲ್ಲ. "ನಿನ್ನ ಸ್ಟೇಷನ್‌ಲಿ ಕೂರ್ಸೊಕು" ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. ಈ ವರ್ಷ ಮಾರ್ಚ್ ಕಳೆದ ಮೇಲೆ ಅವರೂ ಆ ಮಾತು ಆಡುವುದನ್ನು ನಿಲ್ಲಿಸಿದ್ದಾರೆ.

ನನಗೆ ಈ ಚಟ ಹತ್ತಿಸಿದವಳು ನನ್ನ ಗೆಳತಿ. ಒಂದೇ ಶಾಲೆಯಲ್ಲಿ ಕಲಿತು, ಇಬ್ಬರೂ ಕರಿಕೆಗೇ ಮದುವೆಯಾಗಿ ಬಂದವರು. ನಮ್ಮ ಮನೆ ಈ ಗುಡ್ಡೆಯಲ್ಲಿ, ಅವಳ ಮನೆ ಹೊಳೆಯಾಚೆಯ ಗುಡ್ಡೆಯಲ್ಲಿ. ಕಾಲುದಾರಿಯಲ್ಲಿ ಇಳಿದು ಹತ್ತಿದರೆ ಅರ್ಧ ಗಂಟೆ, ಜೀಪಿನಲ್ಲಿ ರಸ್ತೆ ಸುತ್ತಿದರೂ ಅಷ್ಟೇ. ಶಾಲೆಗೆ ಹೋಗುವಾಗ ಅವಳ ಸೋದರಮಾವ ಸುಳ್ಯದ ಬಸ್‌ಸ್ಟ್ಯಾಂಡಿನಿಂದ ಪತ್ತೇದಾರಿ ಕಾದಂಬರಿಗಳನ್ನು ತರುತ್ತಿದ್ದರು. ಅಂಗೈಯಗಲದ ಪುಸ್ತಕ, ಮುಖಪುಟದಲ್ಲಿ ರಕ್ತ ಹತ್ತಿದ ಚಾಕು. ಇರುವುದು ಒಂದೇ ಪ್ರತಿಯಾದ್ದರಿಂದ ಅವಳು ಗಟ್ಟಿಯಾಗಿ ಓದುವುದು, ನಾನು ಕೇಳುವುದು. ಕೊಲೆ ನಡೆಯುವ ಜಾಗ ಬಂದಾಗ ಅವಳ ದನಿ ತಗ್ಗುತ್ತಿತ್ತು, ನಾನು ಸೌದೆ ಕಟ್ಟುವುದನ್ನು ಬಿಟ್ಟು ಹತ್ತಿರ ಸರಿಯುತ್ತಿದ್ದೆ.

ಐವತ್ತು ದಾಟುವಷ್ಟರಲ್ಲಿ ಸಕ್ಕರೆ ಕಾಯಿಲೆ ನನ್ನ ಕಣ್ಣಿಗೆ ಇಳಿಯಿತು. ಅಕ್ಷರಗಳು ಇರುವೆ ಸಾಲಿನ ಹಾಗೆ ಹರಿದಾಡತೊಡಗಿದವು. ಓದಲಾಗದ ಸಿಟ್ಟನ್ನು ನಾನು ಮನೆಯ ಪಾತ್ರೆಗಳ ಮೇಲೆ ತೀರಿಸುತ್ತಿದ್ದಾಗ ಅವಳು ಮಗಳನ್ನು ಕರೆದುಕೊಂಡು ಬಂದಳು. ಆ ಹುಡುಗಿ ನನ್ನ ಫೋನಿಗೆ ಏನೋ ಹಾಕಿ ಕೊಟ್ಟಳು, ಇವಳು ಇಯರ್‌ಫೋನನ್ನು ತಾನೇ ನನ್ನ ಕಿವಿಗೆ ಸಿಕ್ಕಿಸಿದಳು.

"ಓದಿ ಹೇಳಿಕೆ ನಂಗೆ ಈಗ ಪುರ್ಸೊತ್ತಿಲೆ. ಇದ್ ಓದುದು, ನೀ ಕೇಳ್" ಎಂದಳು.

ಹೊಸ ಜನ್ಮ ಬಂದ ಹಾಗಾಯಿತು. ನಮ್ಮಲ್ಲಿ ನೆಟ್‌ವರ್ಕ್ ಎಂಬುದು ನೆಂಟರಿದ್ದ ಹಾಗೆ, ಬಂದರೆ ಬಂತು. ಅದಕ್ಕೇ ಪೇಟೆಗೆ ಹೋದವರ ಕೈಯಲ್ಲಿ ಫೋನು ಕೊಟ್ಟು ಎರಡು ಮೂರು ಕತೆ ಒಟ್ಟಿಗೇ ತುಂಬಿಸಿಕೊಳ್ಳುತ್ತಿದ್ದೆವು. ಇಬ್ಬರದೂ ಒಂದೇ ಕತೆ, ದಿನಕ್ಕೆ ಒಂದೇ ಅಧ್ಯಾಯ. ಮುಂದಕ್ಕೆ ಓಡಿಸುವುದು ಮೋಸ. ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಕೂತು, ಕೊಂದವರು ಇವರು, ಅಲ್ಲ ಅವರು ಎಂದು ಜಗಳ. ಹೆಚ್ಚಾಗಿ ನಾನೇ ಗೆಲ್ಲುತ್ತಿದ್ದೆ. ಸೋತಾಗ ಅವಳು, ಕತೆ ಬರೆದವನಿಗೇ ಬುದ್ಧಿಯಿಲ್ಲ ಎಂದು ಎದ್ದುಬಿಡುತ್ತಿದ್ದಳು.

ಕಳೆದ ವರ್ಷ ಮಳೆ ಬಿಡುವು ಕೊಟ್ಟ ಹೊತ್ತಿನಲ್ಲಿ ನಡೆದ ಒಂದು ಮದುವೆಯಲ್ಲಿ ನಮ್ಮ ಮಾತು ಮುರಿಯಿತು. ಊಟಕ್ಕೆ ಸಾಲಿನಲ್ಲಿ ನಿಂತಿದ್ದೆವು. ನಾವು ಕೇಳುತ್ತಿದ್ದ ಕತೆ ಇನ್ನೂ ಅರ್ಧವೂ ಆಗಿರಲಿಲ್ಲ. ಅವಳು ನನ್ನ ಕಿವಿಯ ಹತ್ತಿರ ಬಾಗಿ, "ಕೊಂದದ್ ಡಾಕ್ಟ್ರೇ ಗೊತ್ತುಟ್ಟಾ? ನಾ ಪೂರ ಕೇಳಿ ಆತ್" ಎಂದಳು. ನಾನು ಕೊಲೆಗಾರನೆಂದು ಆರಿಸಿಟ್ಟಿದ್ದು ಸತ್ತವನ ತಮ್ಮನನ್ನು. ಸೋತದ್ದಕ್ಕೋ ಮೋಸಕ್ಕೋ, ಉರಿದುಹೋಯಿತು. "ನಿನ್ನ ಮಾತೇ ಇನ್ನ್ ನಂಗೆ ಬೇಡ" ಎಂದು ಹತ್ತು ಜನರ ಎದುರಿಗೆ ಕೂಗಿ, ಎಲೆ ಹಾಕುವ ಮೊದಲೇ ಹೊರಟು ಬಂದೆ. ಅವಳ ಮುಖ ಹೇಗಾಯಿತೆಂದು ನೋಡಲೂ ಇಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಯಾರಾದರೂ ಮಾತು ಬಿಡುತ್ತಾರೆಯೇ ಎಂದು ಕೇಳಬಹುದು. ನಾನು ಬಿಟ್ಟೆ. ನನ್ನ ಮೂಗಿನ ತುದಿಯಲ್ಲೇ ಸಿಟ್ಟು ಇರುವುದು ಊರಿಗೇ ಗೊತ್ತು.

ಒಂದು ತಿಂಗಳ ಮೇಲೆ ಅವಳ ಮಗಳು ದಾರಿಯಲ್ಲಿ ಸಿಕ್ಕಿ ನನ್ನ ಗಂಡನಿಗೆ ವಿಷಯ ಹೇಳಿದಳು. ಮದುವೆಯ ಎರಡು ದಿನದ ಮೇಲೆ ಮಂಗಳೂರಿನಲ್ಲಿ ನನ್ನ ಗೆಳತಿಗೆ ಆಪರೇಷನ್ ಆಗುವುದಿತ್ತು. ಹೊಟ್ಟೆಯಲ್ಲಿ ಗಡ್ಡೆ. ಕತೆ ಅರ್ಧಕ್ಕೆ ಬಿಟ್ಟು ಹೋಗಲು ಮನಸ್ಸಾಗದೆ ಎರಡು ದಿನ ಕೂತು ಪೂರ್ತಿ ಕೇಳಿಸಿಕೊಂಡಿದ್ದಳಂತೆ. ಆ ಮದುವೆಯಲ್ಲಿ ನನಗೆ ಕಾಯಿಲೆಯ ಸುದ್ದಿ ಹೇಳಬೇಕೆಂದೇ ಹುಡುಕಿಕೊಂಡು ಬಂದವಳು, ಮೊದಲು ಕತೆಯದು ಹೇಳಿದ್ದಳು. ಎರಡನೆಯದನ್ನು ಹೇಳಲು ನಾನು ಬಿಡಲಿಲ್ಲ.

ಆಪರೇಷನ್ ಮಾಡಿಯೂ ಹೆಚ್ಚು ಪ್ರಯೋಜನವಾಗಿರಲಿಲ್ಲ. ಡಾಕ್ಟರು ಮನೆಗೆ ಕಳಿಸಿದ್ದರು. "ಹೋಗಿ ಮಾತಾಡ್ಸಿ ಬಾ" ಎಂದು ನನ್ನ ಗಂಡ ವಾರಕ್ಕೊಮ್ಮೆ ಹೇಳಿದರು. ಅವರು ಎರಡು ಸಲ ಹೋಗಿಯೂ ಬಂದರು. ನಾನು ಹೋಗುತ್ತೇನೆ ಎಂದೇ ಹೇಳುತ್ತಿದ್ದೆ. ಹುತ್ತರಿ ಹಬ್ಬ ಕಳೆಯಲಿ ಎಂದೆ. ಕಾಫಿ ಕುಯ್ದು ಮುಗಿಯಲಿ ಎಂದೆ. ಮೆಣಸು ಒಣಗಲಿ ಎಂದೆ. ನಿಜ ಹೇಳಬೇಕೆಂದರೆ ನಾಚಿಕೆ. ಹೊಳೆ ದಾಟಿ, ಗುಡ್ಡೆ ಹತ್ತಿ, ಅವಳ ಹಾಸಿಗೆಯ ಪಕ್ಕ ಕೂತು ಮೊದಲ ಮಾತು ಏನಾಡುವುದು? ಕೊಲೆಗಾರರ ಬಾಯಿ ಬಿಡಿಸುವ ಮಾತುಗಳೆಲ್ಲ ನನಗೆ ಗೊತ್ತು, ಇದೊಂದು ಮಾತು ಗೊತ್ತಿರಲಿಲ್ಲ.

ಮಾರ್ಚಿನಲ್ಲಿ ನನ್ನ ಗಂಡ ತಂಗಿಯ ಹೊಸ ಮನೆಯ ಗೃಹಪ್ರವೇಶಕ್ಕೆಂದು ಸುಳ್ಯಕ್ಕೆ ಹೋದರು, ಎರಡು ದಿನಕ್ಕೆ. ನಾನು ಹೋಗಲಿಲ್ಲ. ಅಂಗಳದಲ್ಲಿ ಕರಿಮೆಣಸು ಹರಡಿತ್ತು, ಕೋಳಿ ಕಾಯಲು ಯಾರಾದರೂ ಬೇಕಿತ್ತು. ಹಿಂದಿನ ದಿನದ ಗಾಳಿಗೆ ಎಲ್ಲೋ ಮರ ಬಿದ್ದು ಕರೆಂಟು ಹೋಗಿತ್ತು. ಕರೆಂಟು ಹೋದರೆ ನಮ್ಮಲ್ಲಿ ಫೋನಿನ ಟವರೂ ಸಾಯುತ್ತದೆ. ತುಂಬಿಸಿಕೊಂಡ ಕತೆ ಇತ್ತು, ಅದು ಸಾಕು ಎಂದುಕೊಂಡು ಮಧ್ಯಾಹ್ನ ಊಟ ಮುಗಿಸಿ ಜಗಲಿಯಲ್ಲಿ ಕೂತೆ.

ಹೊಸ ಕತೆ, ಒಬ್ಬಳೇ ಕೇಳುತ್ತಿದ್ದುದು. ಬಂಗಲೆಯ ಯಜಮಾನನ ಕೊಲೆ, ಉಯಿಲು, ಕಾಣೆಯಾದ ಕೋವಿ. ಓದುವವನು ಒಳ್ಳೆಯ ದನಿಯವನು. ನಡುನಡುವೆ ಬಾಗಿಲು ಕಿರುಗುಟ್ಟುವುದು, ಗುಡುಗು, ಗಡಿಯಾರದ ಸದ್ದು ಎಲ್ಲ ಸೇರಿಸಿದ್ದರು. ನಾಲ್ಕು ಗಂಟೆಯ ಹೊತ್ತಿಗೆ ಸರಿಯಾದ ಜಾಗಕ್ಕೆ ಬಂದಿತ್ತು. ತೋಟದ ಮನೆಯಲ್ಲಿ ಅಳಿಯ ನಿಂತಿದ್ದಾನೆ, ಬಾಗಿಲ ಹೊರಗೆ ಯಾರದೋ ಹೆಜ್ಜೆ. ಆಗ ಢಂ ಎಂದಿತು. ಸ್ವಲ್ಪ ಬಿಟ್ಟು ಇನ್ನೊಮ್ಮೆ. ನಾನು ಬೆಚ್ಚಿಬಿದ್ದೆ, ಅಂಗಳದ ಕೋಳಿಗಳೂ ಚದುರಿದವು. ಎಷ್ಟು ಚೆನ್ನಾಗಿ ಸದ್ದು ಹಾಕಿದ್ದಾರೆ ಎಂದು ಮೆಚ್ಚಿಕೊಂಡೆ. ಕೋಳಿಗಳಿಗೆ ನನ್ನ ಇಯರ್‌ಫೋನಿನ ಸದ್ದು ಹೇಗೆ ಕೇಳಿತು ಎಂದು ಯೋಚಿಸಲಿಲ್ಲ. ಕತೆಯಲ್ಲಾಗಿದ್ದರೆ ಆ ತಪ್ಪನ್ನು ನಾನು ತಕ್ಷಣ ಹಿಡಿಯುತ್ತಿದ್ದೆ.

ಆಮೇಲೆ ಕತೆ ಮುಂದೆ ಹೋಯಿತು. ಅಳಿಯ ಬದುಕಿಯೇ ಇದ್ದ. ಹೆಜ್ಜೆ ಆಳಿನದೆಂದು ಗೊತ್ತಾಯಿತು. ಗುಂಡಿನ ಮಾತೇ ಇಲ್ಲ. ಓಹೋ, ಬರೆದವನು ಮುಚ್ಚಿಟ್ಟಿದ್ದಾನೆ, ಕೊನೆಗೆ ಬಿಡಿಸುತ್ತಾನೆ ಎಂದುಕೊಂಡೆ. ಸಂಜೆ ಫೋನಿನ ಚಾರ್ಜು ಮುಗಿಯಿತು. ಮೆಣಸು ಒಳಗೆ ತುಂಬಿ, ಗಂಜಿ ಕುಡಿದು, ಆ ಎರಡು ಗುಂಡು ಹೊಡೆದವರು ಯಾರು ಎಂದು ಯೋಚಿಸುತ್ತಾ ಮಲಗಿದೆ.

ಮರುದಿನ ಹತ್ತು ಗಂಟೆಗೆ ಕರೆಂಟು ಬಂತು, ಟವರು ಮಾತ್ರ ಇನ್ನೂ ಸತ್ತೇ ಇತ್ತು. ಫೋನನ್ನು ಗೋಡೆಗೆ ಸಿಕ್ಕಿಸಿಕೊಂಡೇ ಉಳಿದ ಅಧ್ಯಾಯಗಳನ್ನು ಕೇಳಿದೆ. ಕೊಂದವಳು ಸೊಸೆ, ಅದು ನನಗೆ ಮೊದಲೇ ಗೊತ್ತಿತ್ತು. ಪತ್ತೇದಾರ ಎಲ್ಲರನ್ನೂ ಕೂರಿಸಿ ಒಂದೊಂದೇ ಗಂಟು ಬಿಡಿಸಿದ. ಗುಂಡಿನ ವಿಷಯ ಬರಲೇ ಇಲ್ಲ. ಕತೆ ಮುಗಿದೇಹೋಯಿತು.

ನನಗೆ ಆದ ಸಂತೋಷ ಹೇಳತೀರದು. ಇಷ್ಟು ದೊಡ್ಡ ಕತೆ ಕಟ್ಟಿದವನು ಎರಡು ಗುಂಡು ಹಾರಿಸಿ ಮರೆತೇಬಿಟ್ಟಿದ್ದಾನೆ! ಬರೆದವನಿಗೆ ಬುದ್ಧಿಯಿಲ್ಲ ಎಂದು ಅವಳು ಹೇಳುತ್ತಿದ್ದದ್ದು ನಿಜವಾಯಿತಲ್ಲ. ಏಳು ತಿಂಗಳಿಂದ ಹುಡುಕುತ್ತಿದ್ದ ಮೊದಲ ಮಾತು ಆ ಕ್ಷಣ ಸಿಕ್ಕಿತು. ಹಾಸಿಗೆಯ ಪಕ್ಕ ಕೂತು, "ನೀ ಹೇಳ್ದೇ ಸರಿ ಮಾರಾಯ್ತಿ" ಎಂದು ಶುರು ಮಾಡಿದರಾಯಿತು. ಅವಳು ನಗುತ್ತಾಳೆ. ನಕ್ಕ ಮೇಲೆ ಉಳಿದದ್ದನ್ನು ಹೇಳುವುದು ಕಷ್ಟವಲ್ಲ. ಸೀರೆ ಬದಲಾಯಿಸಿದೆ. ಡಬ್ಬಿಗೆ ನಾಲ್ಕು ರೊಟ್ಟಿ ಹಾಕಿದೆ. ಅವಳು ಸುಮ್ಮನೆ ಒಪ್ಪುವವಳಲ್ಲ, ಎಷ್ಟನೇ ಅಧ್ಯಾಯ, ಎಲ್ಲಿ ಎಂದು ಕೇಳುತ್ತಾಳೆ. ಗುರುತು ಮಾಡಿಕೊಂಡು ಹೋಗೋಣವೆಂದು ಆ ಜಾಗವನ್ನು ಮತ್ತೆ ಹಾಕಿದೆ.

ಅಳಿಯ ನಿಂತಿದ್ದಾನೆ. ಬಾಗಿಲ ಹೊರಗೆ ಹೆಜ್ಜೆ. "ಯಾರದು?" ಎಂದು ಅವನು ಕೇಳುತ್ತಾನೆ. ಆಳು ಒಳಗೆ ಬರುತ್ತಾನೆ.

ಮತ್ತೆ ಹಾಕಿದೆ. ಮತ್ತೂ ಒಮ್ಮೆ. ಗುಂಡು ಇರಲಿಲ್ಲ.

ನಮ್ಮ ಕಡೆ ಮನೆಯಲ್ಲಿ ಸಾವಾದರೆ ಅಂಗಳದಲ್ಲಿ ನಿಂತು ಜೋಡಿ ಗುಂಡು ಹಾರಿಸುತ್ತಾರೆ. ಒಂದರ ಹಿಂದೆ ಒಂದು, ಎರಡು. ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಆ ದಿಕ್ಕಿಗೆ ಹೊರಡಬೇಕು, ಮನೆಗೊಬ್ಬರಾದರೂ. ಸಿಟ್ಟಿದ್ದರೂ, ಮಾತು ಬಿಟ್ಟಿದ್ದರೂ ಹೋಗಲೇಬೇಕು. ಆ ಶಬ್ದ ಕೇಳಿಯೂ ಹೋಗದವರನ್ನು ಊರು ಮರೆಯುವುದಿಲ್ಲ. ಅಂಬೆಗಾಲು ಬಿಟ್ಟು ನಡೆಯಲು ಕಲಿಯುವ ಮೊದಲೇ ನಮಗೆ ಈ ಲೆಕ್ಕ ಗೊತ್ತಿರುತ್ತದೆ.

ಕಾಲುದಾರಿ ಇಳಿದದ್ದು ಹೇಗೋ ನೆನಪಿಲ್ಲ. ಹೊಳೆ ದಾಟುವ ಸಂಕದ ಹತ್ತಿರ ನಮ್ಮ ಕೆಳಮನೆಯವರು ಎದುರಾದರು, ಮಿಂದು ಒದ್ದೆ ಬಟ್ಟೆಯಲ್ಲಿದ್ದರು. ಹೆಂಗಸು ನನ್ನನ್ನು ನೋಡಿ ನಿಂತಳು. "ನೀವ್ ನಿನ್ನೆನೇ ಹೋಗಿರಕ್ಕು ತ ಗ್ರಹಿಸಿದೊ ನಾವು. ಎಲ್ಲ ಮುಗ್ತ್" ಎಂದಳು. ಬದಿಗೆ ಸರಿದು ದಾರಿ ಬಿಟ್ಟರು.

ಅವಳನ್ನು ಅವರ ತೋಟದ ಅಂಚಿನಲ್ಲೇ ಸುಟ್ಟಿದ್ದರು. ಹೊಗೆ ಇನ್ನೂ ಏಳುತ್ತಿತ್ತು. ಅಂಗಳದಲ್ಲಿ ಬೆಂಚುಗಳ ಮೇಲೆ ಹತ್ತು ಹದಿನೈದು ಜನ ಕೂತಿದ್ದರು. ನನ್ನ ಕಂಕುಳಲ್ಲಿ ರೊಟ್ಟಿಯ ಡಬ್ಬಿ ಇತ್ತು, ಅದನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಅವಳ ಗಂಡ ಜಗಲಿಯ ಕಂಬಕ್ಕೆ ಒರಗಿದ್ದರು. ನನ್ನನ್ನು ಕಂಡು ಹೊಳೆಯಾಚೆಯ ನಮ್ಮ ಗುಡ್ಡೆಯತ್ತ ಕೈ ತೋರಿಸಿದರು.

"ಫೋನ್ ಹೋಗ್ತಿತ್ಲೆ. ನಿಮ್ಮ ಗುಡ್ಡೆ ಕಡೆಗೇ ತಿರ್ಗಿ ಹಾರ್ಸಿದೆ ನಾ. ಅವಳೇ ಹೇಳಿತ್ತ್ ಹಂಗೆ ಮಾಡಿಕೆ. ಗುಂಡು ಕೇಳ್ರೆ ನನ್ನ ಗೆಳತಿ ಬಂದೇ ಬಂದದೆ, ಎಂಥ ಸಿಟ್ಟಿದ್ರೂ ಬಂದದೆ ತ ಹೇಳಿತ್ತ್."

ಮಗಳು ಒಳಗಿನಿಂದ ಬಂದಳು. ನನ್ನ ಫೋನಿಗೆ ಕತೆಗಳನ್ನು ಹಾಕಿಕೊಟ್ಟ ಅದೇ ಹುಡುಗಿ. ಕಣ್ಣು ಬಾತಿದ್ದವು. ಬೆಳಿಗ್ಗೆ ಹೆಣ ಎತ್ತುವ ಹೊತ್ತಿಗೆ, ದೊಡ್ಡಮ್ಮ, ಅಂದರೆ ನಾನು, ಬಂದು ಬಾಯಿಗೆ ನೀರು ಬಿಡಲಿ ಎಂದು ಒಂದು ಗಂಟೆ ಎಲ್ಲರನ್ನೂ ತಡೆದು ನಿಲ್ಲಿಸಿದ್ದಳಂತೆ. ಅದನ್ನು ಅವಳು ಹೇಳಲಿಲ್ಲ, ಆಮೇಲೆ ಬೇರೆಯವರು ಹೇಳಿದರು. ಅವಳು ಕೇಳಿದ್ದು ಒಂದೇ.

"ದೊಡ್ಡಮ್ಮ, ನಿಮ್ಗೆ ಗುಂಡು ಕೇಳ್ತ್ಲೆನಾ?"

ಬೆಂಚಿನ ಮೇಲಿದ್ದವರೆಲ್ಲ ನನ್ನ ಕಡೆ ನೋಡಿದರು. ಕೇಳಲಿಲ್ಲ ಎಂದರೆ ಮುಗಿಯುತ್ತಿತ್ತು. ಗಾಳಿ ಆಚೆ ಬೀಸಿರಬೇಕು ಎಂದು ಯಾರಾದರೂ ಅನ್ನುತ್ತಿದ್ದರು, ಹುಡುಗಿ ನನ್ನ ಹೆಗಲ ಮೇಲೆ ಅಳುತ್ತಿದ್ದಳು, ನನಗೂ ಅವಳೊಂದಿಗೆ ಅಳಲು ಆಗುತ್ತಿತ್ತು. ಅವಳ ಮುಖದಲ್ಲಿ ಆ ಉತ್ತರಕ್ಕೇ ಆಸೆಯಿತ್ತು. ಆದರೆ ಅದೇ ಅಂಗಳದಲ್ಲಿ ನಿಂತು ನನಗಾಗಿಯೇ ಹಾರಿಸಿದ ಗುಂಡನ್ನು, ಇನ್ನೂ ಹೊಗೆ ಏಳುತ್ತಿರುವಾಗ, ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಕತೆ ಕೇಳುತ್ತಿದ್ದೆ, ಕತೆಯದ್ದೆಂದು ತಿಳಿದೆ ಎನ್ನಲಂತೂ ಬರಲೇ ಇಲ್ಲ. ಹೆಣದ ಮನೆಯಲ್ಲಿ ಆ ಮಾತನ್ನು ಯಾರು ನಂಬುತ್ತಾರೆ?

"ಕೇಳ್ತ್" ಎಂದೆ. "ಎರಡೂ ಕೇಳ್ತ್."

ಹುಡುಗಿ ಮುಖ ತಿರುಗಿಸಿಕೊಂಡಳು. ಆಮೇಲೆ ಒಳಗೆ ಹೋದಳು. ಅವಳ ಅಪ್ಪ ಕಂಬ ಬಿಟ್ಟು ಎದ್ದು, ನನಗೆ ಬೆನ್ನು ಹಾಕಿ, ತೋಟದ ಕಡೆಗೆ ನಡೆದರು. ಬೆಂಚಿನ ಮೇಲೆ ಜಾಗವಿತ್ತು, ಕೂರಿ ಎಂದು ಯಾರೂ ಹೇಳಲಿಲ್ಲ.