ಕೌದಿಗೆ ಸೇರದ ಸೆರಗು

ಬೆಳಿಗ್ಗೆ ಹಾಲು ಕಾಸಿದೆ, ಜೋಳದ ಹಿಟ್ಟು ಸಾಣಿಸಿದೆ, ಬಾಲ್ಕನಿಯ ತುಳಸಿಗೆ ನೀರು ಹಾಕಿದೆ, ಒಣಗಿದ ಬಟ್ಟೆ ಮಡಚಿಟ್ಟೆ. ಆಮೇಲೆ ಮಲಗುವ ಕೋಣೆಯ ಗೋಡೆಯಿಂದ ಚೌಕಟ್ಟು ಇಳಿಸಿ, ಗಾಜು ಬಿಚ್ಚಿ, ಶಾರದಕ್ಕನಿಂದ ನಾನು ಕದ್ದ ಸೆರಗನ್ನು ಹೊರಗೆ ತೆಗೆದೆ. ಕದ್ದ — ಹೌದು, ಆ ಶಬ್ದ ಬರೆಯಲು ಇಷ್ಟು ವರ್ಷ ಬೇಕಾಯಿತು.

ಮರಾಠಿ ಸೀಮೆಗೆ ಬಂದ ಹೊಸದರಲ್ಲಿ, ಸ್ವಾರಗೇಟ ಹತ್ತಿರ, ಒಂದೇ ಅಂಗಳದ ಸುತ್ತ ಮನೆಗಳಿದ್ದ ಹಳೆಯ ವಾಡಾದಲ್ಲಿ ಶಾರದಕ್ಕ ನಮ್ಮ ಪಕ್ಕದ ಮನೆಯವರಾಗಿದ್ದರು, ಬಾಗಲಕೋಟೆ ಕಡೆಯವರು. ನನ್ನ ಕೌದಿ ಹೊಲಿಯುವ ಹುಚ್ಚು ಅವರಿಗೆ ಗೊತ್ತಿತ್ತು. ಮಧ್ಯಾಹ್ನ ಹಳೆಯ ಬಟ್ಟೆಗಳನ್ನು ನೆಲದ ಮೇಲೆ ಹರಡಿ, ಯಾವ ತುಂಡಿನ ಪಕ್ಕ ಯಾವುದು ಒಪ್ಪುತ್ತದೆಂದು ಸರಿಸಿ ಸರಿಸಿ ನೋಡುವುದು, ದಪ್ಪ ಪದರಗಳೊಳಗಿಂದ ದಾರ ಎಳೆದಾಗಿನ ಆ ಸಣ್ಣ ಸದ್ದು — ಅಂಥ ಸುಖ ನನಗೆ ಬೇರೆ ಯಾವುದರಲ್ಲೂ… ಅಕ್ಕ ಹೊಸ್ತಿಲಲ್ಲಿ ಕೂತು ಮೆಂತ್ಯ ಸೋಸುತ್ತ, ಮರಾಠಿಯವರಂತೆ ನನ್ನನ್ನು ಅತ್ತಿಗೆಯೆಂದೇ ಕರೆದು ಚೇಷ್ಟೆ ಮಾಡುತ್ತಿದ್ದರು: "ವೈನೀ, ನಿಮ್ಮ ಮನೀಯವ್ರಿಗೆ ಅಂಗಿ ತೊಟಗೊಂಡ ಮಲಗಂತ ಹೇಳ್ರಿ. ಬಿಚ್ಚಿಟ್ರ ಕೌದಿಗೆ ಸೇರ್ತದ."

ಅವರ ಅವ್ವ ತೀರಿಕೊಂಡ ಮೇಲೆ, ಮಗಳ ಬಾಣಂತನಕ್ಕೊಂದು ಕೌದಿ ಬೇಕೆಂದು ಅವ್ವನ ಸೀರೆಗಳನ್ನು ತಂದುಕೊಟ್ಟರು. ಹುಟ್ಟುವ ಕೂಸಿಗೆ ಅವ್ವನೇ ಹೊದಿಸಿದಂತಾಗಲಿ ಎಂದು. ಅದರಲ್ಲೊಂದು ಇಳಕಲ್ ಸೀರೆ. ಒಡಲು ಜೀರ್ಣವಾಗಿತ್ತು; ಆದರೆ ಕೆಂಪು ರೇಷ್ಮೆಯ ಸೆರಗು, ಅದರಲ್ಲಿ ನೇಯ್ದ ಬಿಳಿಯ ತೆನೆಗಳು — ಆಗಷ್ಟೇ ಮಗ್ಗದಿಂದ ಇಳಿದಂತೆ. ಇದನ್ನು ನಟ್ಟನಡುವೆ ಹಚ್ಚಿ ಎಂದು ಅಕ್ಕ ಬೆರಳಿಟ್ಟು ತೋರಿಸಿದ್ದರು.

ಅದೇ ದಿನಗಳಲ್ಲಿ ಮಗರಪಟ್ಟಾದಲ್ಲಿ ಕೈಕೆಲಸದ ಪ್ರದರ್ಶನ. ನನಗೂ ಒಂದು ಮೇಜು ಸಿಕ್ಕಿತ್ತು. ಸೆರಗನ್ನು ಕತ್ತರಿಸಿ, ಸುತ್ತ ಕಪ್ಪು ಖಣದ ಬಟ್ಟೆಯ ಅಂಚು ಕೊಟ್ಟು, ಚೌಕಟ್ಟಿನಲ್ಲಿ ಕೂಡಿಸಿದೆ. ಕೂಸು ಉಚ್ಚೆ ಹೊಯ್ಯುವ ಕೌದಿಗೆ ಇಂಥ ರೇಷ್ಮೆಯೇ, ಎಂದುಕೊಂಡೆ ಆಗ. ಜನ ನಿಂತು ನೋಡಿದರು, ಫೋಟೋ ತೆಗೆದರು, 'ಕಿತೀ ಸುಂದರ', ಎಷ್ಟು ಚೆಂದ, ಅಂದರು. ಕೊಳ್ಳಲು ಕೇಳಿದವರಿಗೆ ಕೊಡಲಿಲ್ಲ. ಅದರ ಮೇಲೆ ನನಗೆ ಅಷ್ಟು ಆಸೆ.

ನಮ್ಮಲ್ಲಿ ಕೌದಿಯನ್ನು ಹಸಿದಿರಗೊಡುವುದಿಲ್ಲ. ಕೊನೆಯ ಮೂಲೆ ಮುಚ್ಚುವ ಮೊದಲು ರೊಟ್ಟಿಯ ಚೂರು ಒಳಗಿಟ್ಟು ಹೊಲಿಯುತ್ತೇವೆ. ಹೊಟ್ಟೆ ತುಂಬಿದ ಕೌದಿ ಹೊದ್ದವರನ್ನು ಬೆಚ್ಚಗಿಡುತ್ತದೆ. ಅಕ್ಕ ತಾವೇ ರೊಟ್ಟಿ ತಂದರು. ಚೂರು ಇಡುವ ಮೊದಲು ಕೌದಿಯ ಮೇಲೆಲ್ಲ ಕೈಯಾಡಿಸಿ ಹುಡುಕಿದರು.

"ಅವ್ವನ ಸೆರಗ ಎಲ್ಲದರೀ?"

"ಒಗಿಯೋದ್ರಾಗ ಹರದು ಹೋತ್ರಿ, ಅಕ್ಕಾರ."

ಕೌದಿಯ ನಡುವೆ ಮತ್ತೊಮ್ಮೆ ಕೈಯಾಡಿಸಿದರು. ಆಮೇಲೆ, ಹೋಗಲಿ ಬಿಡಿ, ಹಳೆಯದು ಎಷ್ಟಂತ ತಾಳೀತು ಎಂದು ನನಗೇ ಸಮಾಧಾನ ಹೇಳಿದರು. ಚೂರು ಇಟ್ಟರು. ನಾನು ಮೂಲೆ ಹೊಲಿದು ದಾರ ಕಡಿದೆ.

ಅಂದಿನಿಂದ ಅಕ್ಕ ಬಂದಾಗಲೆಲ್ಲ ಚೌಕಟ್ಟು ಕಪಾಟಿನೊಳಗೆ. ಅವರ ಕಣ್ಣು ತಾಗುತ್ತದೆಂದು ಅಂಜಿಕೆಯೇನು, ಎಂದು ನಮ್ಮವರು ನಕ್ಕು ಕೇಳಿದ್ದರು. ಅಲ್ಲವೆನ್ನಲಿಲ್ಲ ನಾನು. ಆ ಕಳಂಕವನ್ನೂ ಅವರ ಮೇಲೆಯೇ ಬಿಟ್ಟೆ.

ಈಗ ನಾವಿರುವ ಫ್ಲ್ಯಾಟಿಗೆ ನಿನ್ನೆ ಅಕ್ಕ ಅದೇ ಕೌದಿಯನ್ನು ಹೊತ್ತು ತಂದರು. ದೌಂಡದಲ್ಲಿರುವ ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ. ಇನ್ನೂ ಅದಿಲ್ಲದೆ ನಿದ್ದೆ ಮಾಡುವುದಿಲ್ಲವಂತೆ. ನಡುವೆ ಹರಿದಿದೆ, ಒಂದು ತೇಪೆ ಹಚ್ಚಿಕೊಡಿ ಎಂದರು. ಸೆರಗು ಇರಬೇಕಾಗಿದ್ದ ಜಾಗವೇ ಅದು. ಸದ್ದಿಲ್ಲದೆ ಸೆರಗನ್ನೇ ಹಚ್ಚಿ, ಹಳೆಯ ಪೆಟ್ಟಿಗೆಯಲ್ಲಿ ಒಂದು ಚೂರು ಸಿಕ್ಕಿತೆಂದು ಹೇಳಬಹುದಿತ್ತು. ಇವತ್ತು ಸೂಜಿಗೆ ದಾರ ಪೋಣಿಸಿದ್ದೆ ಕೂಡ — ಮತ್ತೆ ಅದೇ ಕೈ, ಮತ್ತೊಂದು ಸುಳ್ಳು…

ಸೂಜಿ ಕೆಳಗಿಟ್ಟು ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಆ ಕಡೆ ಕುಕ್ಕರಿನ ಸೀಟಿ ಕೂಗಿತು; ಅಕ್ಕ ಒಲೆ ಆರಿಸಿ ಬಂದರು.

"ನೀವು ಸೂಜಿ ಮುಟ್ಟಬ್ಯಾಡ್ರಿ. ನಾಳೆ ನಾ ಬಂದು ಹಚ್ತೀನಿ."

ವೈನೀ ಎನ್ನಲಿಲ್ಲ.

ಊಟಕ್ಕೆ ಕೂತಾಗ ನಮ್ಮವರಿಗೂ ಹೇಳಿದೆ. ಎದ್ದು ಹೋಗಿ ಗೋಡೆಯ ಖಾಲಿ ಜಾಗ ನೋಡಿ ಬಂದರು. ಜೋಳದ ರೊಟ್ಟಿ, ಮೆಂತ್ಯದ ಪಲ್ಯ, ಶೇಂಗಾ ಚಟ್ನಿ. ನಾನು ಅರ್ಧ ರೊಟ್ಟಿ ಉಂಡೆ. ನಾಳೆ ಮೂಲೆ ಬಿಚ್ಚಬೇಕಾದರೆ ಇರಲೆಂದು ಒಂದು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಕೌದಿಯ ಪಕ್ಕದಲ್ಲಿಟ್ಟೆ; ಅದರ ಚೂರು ಒಳಗಿಡುವುದು, ಬಿಡುವುದು ಅಕ್ಕನಿಗೆ ಸೇರಿದ್ದು. ನಮ್ಮವರು ನನ್ನನ್ನು ಕಾಯದೆ ಮಲಗಿದರು.