ಒಂದು ಮುಚ್ಚಳ ಕಡಿಮೆ

ಬೆಳಗಿನ ಐದೂವರೆ. ಕಾಸಿಮೇಡು ಬಂದರಿನಲ್ಲಿ ದೋಣಿಗಳು ಬಲೆ ಸುರಿದು ಮುಗಿಸಿವೆ. ಮೀನು, ಸೀಗಡಿ, ಏಡಿ ಬುಟ್ಟಿ ಸೇರಿದ ಮೇಲೆ ನೆಲದಲ್ಲಿ ಉಳಿಯುವ ಕಸದ ಮುಂದೆ ಜಯಲಕ್ಷ್ಮೀ ಕುಕ್ಕರಗಾಲಲ್ಲಿ ಕೂತಿದ್ದಾರೆ. ಪಕ್ಕದಲ್ಲೊಂದು ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಸಮುದ್ರದ ನೀರು.

"ಎನ್ನ ಮಾಮಿ, ಇನ್ನಿಕ್ಕಿ ಕೊಳಂಬಾ, ವರುವಲಾ?" ಇವತ್ತು ಸಾರೋ, ಹುರಿದದ್ದೋ ಎಂದು ಮೀನು ಮಾರುವ ಹೆಂಗಸು ಕಿಚಾಯಿಸುತ್ತಾಳೆ. ಮಾಮಿಯ ಮನೆಗೆ ಬೆಳ್ಳುಳ್ಳಿಯೂ ಬರುವುದಿಲ್ಲವೆಂಬುದು ಅವಳಿಗೆ ಗೊತ್ತು.

"ನೀ ಸಮೈ, ನಾನ್ ವರೇನ್." ನೀನು ಅಡುಗೆ ಮಾಡು, ನಾನು ಬರ್ತೀನಿ ಎನ್ನುವ ಜಯಲಕ್ಷ್ಮೀ ತಲೆ ಎತ್ತುವುದಿಲ್ಲ. ಕಸದಿಂದ ಲಿಂಬೆಹಣ್ಣಿನ ಗಾತ್ರದ, ನುಣುಪಾದ ಬಸವನಹುಳುವೊಂದನ್ನು ಹೆಕ್ಕುತ್ತಾರೆ. ಅದು ಪಾದವನ್ನು ಒಳಗೆಳೆದುಕೊಳ್ಳುತ್ತದೆ; ಕೊನೆಗೆ, ಪಾದದ ಬೆನ್ನಿಗೆ ಅಂಟಿದ ಮುಚ್ಚಳ ಬಂದು ಚಿಪ್ಪಿನ ಬಾಯಿಯನ್ನು ಮುಚ್ಚುತ್ತದೆ. ಅವರು ಅದನ್ನು ಉಗುರಿನಿಂದ ತಟ್ಟಿ ನೋಡುತ್ತಾರೆ. ಟಕ್ ಎಂದರೆ ಸುಣ್ಣದ್ದು. ಸದ್ದಿಲ್ಲದಿದ್ದರೆ ಕೊಂಬಿನಂಥ ತೆಳು ಪದರದ್ದು. ಅವರಿಗೆ ಮೊದಲು ಬೇಕಾದದ್ದು ಇಷ್ಟೇ.

ಐವತ್ತೇಳರ ಜಯಲಕ್ಷ್ಮೀ ನಗರದ ಹಳೆಯ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅಟೆಂಡರ್. ಮೂರು ತಲೆಮಾರಿನಿಂದ ತ್ರಿಪ್ಲಿಕೇನ್‌ನಲ್ಲಿರುವ ಮಾಧ್ವ ಕುಟುಂಬ ಅವರದು. ಗಂಡ ಮುರಳೀಧರ ಇದೇ ಕೆಲಸದಲ್ಲಿದ್ದರು. ಅವರು ತೀರಿಕೊಂಡಾಗ ಅನುಕಂಪದ ಮೇಲೆ ಕೆಲಸ ಇವರಿಗೆ ಬಂತು. ಓದಿದ್ದು ಪ್ಲಸ್ ಟು, ಅದೂ ಕಾಮರ್ಸ್. "ಮೊದಲ್ನೇ ದಿವಸ ಬಸವನಹುಳು ಕೊಯ್ದದ್ದನ್ನ ನೋಡಿ ವಾಂತಿ ಮಾಡ್ಕೊಂಡೆ. ಎರಡ್ನೇ ದಿವಸಾನೂ ಮಾಡ್ಕೊಂಡೆ. ಮೂರ್ನೇ ದಿವಸ ಹೊಟ್ಟೇಲಿ ಏನೂ ಇರ್ಲಿಲ್ಲ," ಎನ್ನುತ್ತಾರೆ. ಇಪ್ಪತ್ತೊಂಬತ್ತು ವರ್ಷದಲ್ಲಿ ಅವರು ಕಲಿತದ್ದೆಲ್ಲ ಕೈಯಿಂದ ಕಲಿತದ್ದು. ಕುದಿಸಿ ಆರಿಸಿದ ನೀರಿನಲ್ಲಿ ರಾತ್ರಿಯಿಡೀ ಬಿಟ್ಟರೆ ಹುಳು ಮೈ ಚಾಚಿಕೊಂಡೇ ಸಾಯುತ್ತದೆ; ನೇರ ಫಾರ್ಮಲಿನ್‌ಗೆ ಹಾಕಿದರೆ ಮುದುಡಿ, ಕೊಯ್ದು ಕಲಿಯುವುದಕ್ಕೆ ಬಾರದಂತಾಗುತ್ತದೆ. ಇದನ್ನು ಪ್ರತಿ ವರ್ಷ ಹೊಸ ಅಧ್ಯಾಪಕರಿಗೆ ಹೇಳಿಕೊಡುವವರು ಅವರೇ.

ಎರಡು ಮಳೆಗಾಲದ ಹಿಂದೆ ವಿಭಾಗದ ನೆಲಮಾಳಿಗೆಗೆ ನೀರು ನುಗ್ಗಿತು. ಅಲ್ಲಿ ಅರವತ್ತೆರಡು ಡ್ರಾಯರುಗಳಲ್ಲಿ ಮೃದ್ವಂಗಿಗಳ ಚಿಪ್ಪುಗಳಿದ್ದವು. ಒಣಗಿದ ಚಿಪ್ಪಿನೊಳಗೆ ಹತ್ತಿ ತುರುಕಿ, ಅದರ ಮೇಲೆ ಅದರದೇ ಮುಚ್ಚಳವನ್ನು ಗೋಂದಿನಿಂದ ಅಂಟಿಸಿಡುವುದು ವಾಡಿಕೆ. ಗೋಂದು ಕರಗಿತು, ಹೆಸರಿನ ಚೀಟಿ ಮುದ್ದೆಯಾಯಿತು, ಮುಚ್ಚಳಗಳೆಲ್ಲ ಒಂದೇ ರಾಶಿಯಾದವು. ಈಗ ಆ ಕೋಣೆ ಕಂಪ್ಯೂಟರ್ ಲ್ಯಾಬ್ ಆಗಲಿದೆ. ತಿಂಗಳ ಕೊನೆಯೊಳಗೆ ಚೀಟಿ ಇಲ್ಲದ್ದೆಲ್ಲ ಕಾರ್ಪೊರೇಷನ್ ಲಾರಿಗೆ.

ಚಿಪ್ಪಿಗೆ ಅದರದೇ ಮುಚ್ಚಳ ಹುಡುಕಿ ಹೊಸ ಚೀಟಿ ಬರೆಯುವ ಕೆಲಸ ಜಯಲಕ್ಷ್ಮೀ ಅವರದು. ಬಹುತೇಕ ಡ್ರಾಯರುಗಳು ಮುಗಿದಿವೆ. ತೊಡಕಾದದ್ದು ಉಂಡೆ ಬಸವನಹುಳುಗಳ ಟ್ರೇ. ಅದರಲ್ಲಿ ನಲವತ್ತೊಂದು ಚಿಪ್ಪು, ನೋಡಲು ಎಲ್ಲವೂ ಅವಳಿಜವಳಿ. ಮುಚ್ಚಳ ಸುಣ್ಣದ್ದಾದರೆ ನ್ಯಾಟಿಕಾ ಗುಂಪು, ಕೊಂಬಿನಂಥದ್ದಾದರೆ ಪಾಲಿನೈಸಿಸ್ ಗುಂಪು. ಜಯಲಕ್ಷ್ಮೀ ಗಾತ್ರ ಹೊಂದಿದ್ದನ್ನು ಹೊಂದಿದಂತೆ ಮುಚ್ಚಿಟ್ಟರು. ಉಸ್ತುವಾರಿಯ ಯುವ ಅಧ್ಯಾಪಕ ಶ್ರೀನಾಥ್ ಸಹಿ ಹಾಕಿದರು. ಮಂಡ್ಯದ ಕಡೆಯಿಂದ ಬಂದ ಶ್ರೀನಾಥ್‌ಗೆ ಮೀನಿನ ವಿಷಯ ಗೊತ್ತು, ಚಿಪ್ಪಿನದು ಅಷ್ಟಕ್ಕಷ್ಟೆ.

ಒಂದು ಬೆಳಿಗ್ಗೆ ತರಗತಿಗೆ ಹುಳು ತರಲು ಹೋದಾಗ ಬಂದರಿನಲ್ಲಿ ಜೀವಂತ ಹುಳುವೊಂದು ಸಿಕ್ಕಿತು. ಟ್ರೇಯಲ್ಲಿ ಅಂಥದ್ದೇ ಚಿಪ್ಪಿಗೆ ಅವರು ಸುಣ್ಣದ ಮುಚ್ಚಳ ಹಾಕಿದ್ದರು. ಇದರದು ತೆಳು ಪದರ. ಹೋಗಿ ಎಲ್ಲವನ್ನೂ ತೆಗೆದು, ಬಾಯಿಯ ಅಂಚಿಗೆ ಸರಿಯಾಗಿ ಕೂರುತ್ತವೆಯೇ ಎಂದು ಮತ್ತೆ ನೋಡಿದರು. ಹನ್ನೊಂದು ತಪ್ಪು. ಶ್ರೀನಾಥ್‌ಗೆ ತಾವೇ ಹೋಗಿ ಹೇಳಿದರು.

"ಬಿಡಿ ಅಮ್ಮ, ಯಾರ್ ಬಂದ್ ನೋಡ್ತಾರೆ? ಇನ್ನ ಎರಡೇ ವಾರ ಐತೆ."

"ಪಕ್ಕದ ಮನೆ ಕದ ತಂದು ನಮ್ಮನೆಗೆ ಹಾಕಿದ್ರೆ ಪೂಟ್ಟು ಬೀಳತ್ತಾ ಸಾರ್? ಬೀಗ ಬೀಳ್ದಿರೋ ಮನೇಗೆ ಕದ ಯಾಕೆ?"

ಹನ್ನೊಂದು ಚಿಪ್ಪೂ ಮತ್ತೆ ಹೆಸರಿಲ್ಲದವಾದವು. ಅಂದಿನಿಂದ ಅವರು ದಿನವೂ ಕಾಸಿಮೇಡಿಗೆ ಬರುತ್ತಾರೆ. ಜೀವಂತ ಹುಳುಗಳಲ್ಲಿ ಮುಚ್ಚಳ ತಟ್ಟಿ, ಆಮೇಲೆ ಬಾಯಿಯ ಪಕ್ಕದ ಕುಳಿಯನ್ನು, ಅಂದರೆ ಚಿಪ್ಪಿನ ಹೊಕ್ಕುಳನ್ನು, ನೋಡುತ್ತಾರೆ. ಅದು ತೆರೆದಿದೆಯೋ, ಅರ್ಧ ಮುಚ್ಚಿದೆಯೋ, ಪೂರ್ತಿ ಮೆತ್ತಿಕೊಂಡಿದೆಯೋ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದುಕೊಳ್ಳುತ್ತಾರೆ. ಎಂಟು ಗಂಟೆಗೆ ಮನೆ ತಲುಪಿದರೆ ಅತ್ತೆ ಭೀಮಾಬಾಯಿ ಬಾಗಿಲಲ್ಲೇ ತಡೆಯುತ್ತಾರೆ: "ಅಲ್ಲೇ ನಿಲ್ಲೇ! ಕೊಳಾಯಿ ಹತ್ರ ಬಕೆಟ್ ಇಟ್ಟೀನಿ. ನಿನ್ನ ಹುಳಕ್ಕಾದ್ರೂ ನಾಚ್ಕೆ ಇದೆ, ಮುಟ್ಟಿದ್ರೆ ಒಳಗೆ ಹೋಗತ್ತೆ."

ಹನ್ನೆರಡು ದಿನದಲ್ಲಿ ಹೊಕ್ಕುಳು ನೋಡಿ, ಬಾಯಿಯ ಅಂಚಿಗೆ ಮುಚ್ಚಳ ಹೊಂದಿಸಿ ಹತ್ತು ಚಿಪ್ಪುಗಳಿಗೆ ಹೆಸರು ಸಿಕ್ಕಿದೆ. ಚೀಟಿಯ ಕೆಳಗೆ 'ಗುರುತಿಸಿದವರು' ಎಂಬ ಸಾಲಿದೆ. ಅಲ್ಲಿ ಅಧ್ಯಾಪಕರ ಹೆಸರೇ ಬರಬೇಕು. ಹತ್ತರಲ್ಲೂ ಶ್ರೀನಾಥ್ ಹೆಸರಿದೆ. ಹನ್ನೊಂದನೆಯದರ ಹೊಕ್ಕುಳು ಒಡೆದಿದೆ. ರಾಶಿಯ ಯಾವ ಮುಚ್ಚಳವೂ ಅದಕ್ಕೆ ಕೂರುವುದಿಲ್ಲ.

ತಿಂಗಳ ಕೊನೆಯ ದಿನ. ಹೊರಗೆ ಲಾರಿ ನಿಂತಿದೆ. ಶ್ರೀನಾಥ್ ಕೇಳುತ್ತಾರೆ, "ಏನಂತ ಬರೀತೀರಿ?"

"ಕುಟುಂಬ ಗೊತ್ತು. ಜಾತಿ ಗೊತ್ತಿಲ್ಲ. ಮೂಡಿ ಸಿಕ್ಕಿಲ್ಲ, ಇರೋ ಮುಚ್ಚಳ ಯಾವ್ದೂ ಕೂರ್ಲಿಲ್ಲ. ಇಷ್ಟೇ ಬರೀತೀನಿ. ಚೀಟಿ ಇದ್ರೆ ಆಯ್ತಲ್ವಾ ಸಾರ್?"

ಶ್ರೀನಾಥ್ 'ಗುರುತಿಸಿದವರು' ಎಂಬ ಸಾಲಿನ ಮೇಲೆ ಬೆರಳಿಡುತ್ತಾರೆ. "ಗೊತ್ತಿಲ್ಲ ಅನ್ನೋದ್ರ ಕೆಳಗೆ ನನ್ನ ಹೆಸರು ಬ್ಯಾಡ ಕಣಮ್ಮ."

ಜಯಲಕ್ಷ್ಮೀ ಪೆನ್ನು ತೆಗೆದುಕೊಂಡು ಆ ಸಾಲಿನಲ್ಲಿ ತಮ್ಮ ಹೆಸರನ್ನು ಪೂರ್ತಿಯಾಗಿ ಬರೆಯುತ್ತಾರೆ. ಅರವತ್ತೆರಡು ಡ್ರಾಯರುಗಳಲ್ಲಿ ಅವರ ಹೆಸರಿರುವುದು ಇದೊಂದೇ ಚೀಟಿಯಲ್ಲಿ. ಶಾಯಿ ಆರಲೆಂದು ಊದುತ್ತಾ ಹೇಳುತ್ತಾರೆ:

"ಗೊತ್ತಿಲ್ಲ ಅಂತ ಬರೆಯೋಕೂ ಯಾರಾದ್ರೂ ಒಬ್ರು ಬೇಕಲ್ಲ."